ಬೀಗ ಹಾಕಿದ ಅಲೆಗಳು

ಸೇಡಂ ತಾಲ್ಲೂಕಿನ ಆದಿತ್ಯನಗರಕ್ಕೂ ಬೆಂಗಳೂರಿಗೂ ನೇರ ಅಳತೆಯಲ್ಲಿ 450 ಕಿಲೋಮೀಟರಿಗಿಂತ ಹೆಚ್ಚು ಅಂತರವಿದೆ. ಆದರೂ ಬೆಂಗಳೂರಿನ ಮೈದಾನದಲ್ಲಿ ನಡೆಯುವ ಕ್ರಿಕೆಟ್ ಪಂದ್ಯವನ್ನು ಆದಿತ್ಯನಗರದ ವಿದ್ಯಾರ್ಥಿಯು ಮನೆಯಲ್ಲಿಯೇ ಕುಳಿತು ನೋಡಬಲ್ಲನು. ಚಂದಾ ಮುಗಿದ ದಿನ ಮಾತ್ರ ಪಂದ್ಯವು ಪರದೆಯಿಂದ ಮಾಯವಾಗುತ್ತದೆ. ಅಂದು ನಿಂತುಹೋದುದು ಯಾವುದು? ಅಲೆಗಳೆ, ಅಥವಾ ಬೇರೇನಾದರೂ ಉಂಟೆ? ವಿಚಾರಿಸಿ ನೋಡೋಣ.

ದೂರದರ್ಶನದ ಅಲೆಗಳು ಬಹುಮಟ್ಟಿಗೆ ನೇರವಾಗಿ ಚಲಿಸುತ್ತವೆ, ಭೂಮಿಯಾದರೋ ಗುಂಡಗಿದೆ. 100 ಮೀಟರ್ ಎತ್ತರದ ಗೋಪುರದ ತುದಿಯಿಂದ ಕ್ಷಿತಿಜವು ಸುಮಾರು 36 ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಾಚೆಯ ಊರುಗಳಿಗೆ ನೆಲದ ಉಬ್ಬೇ ಅಡ್ಡ ಬರುತ್ತದೆ. ಈ ತೊಡಕನ್ನು ನೀಗಿಸಿದುದು ಕೃತಕ ಉಪಗ್ರಹ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ಭೂಮಿಯ ಆವರ್ತನದ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ನಮ್ಮ ಮಾಳಿಗೆಗಳ ಮೇಲಿನ ಡಿಶ್‌ಗಳು ದಕ್ಷಿಣದ ಆಕಾಶದತ್ತ ವಾಲಿರುವುದಕ್ಕೆ ಕಾರಣವಿದೇ.

ಈ ವಿದ್ಯೆಯನ್ನು ಮೊದಲು ಕಂಡ ಸೀಮೆಗಳಲ್ಲಿ ನಮ್ಮದೂ ಒಂದು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಭಾರತದ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳು ಪ್ರಸಾರವಾದಾಗ, ಇಂದು ಕಲಬುರಗಿ ಎನಿಸಿರುವ ಅಂದಿನ ಗುಲ್ಬರ್ಗಾ ಜಿಲ್ಲೆಯೂ ಅದರಲ್ಲಿ ಸೇರಿತ್ತು.

ಉಪಗ್ರಹದ ಅಲೆಗಳು ಚಂದಾ ಕೊಟ್ಟವನ ಮನೆಯ ಮೇಲೂ ಕೊಡದವನ ಮನೆಯ ಮೇಲೂ ಸಮನಾಗಿ ಬೀಳುತ್ತವೆ. ಆದುದರಿಂದ ಪ್ರಸಾರಕರು ಚಿತ್ರದ ಅಂಕಿಗಳನ್ನು ಗೂಢಲಿಪಿಯಲ್ಲಿ ಕಲಸಿ ಕಳುಹಿಸುತ್ತಾರೆ. ಅದನ್ನು ಬಿಡಿಸುವ ಕೀಲಿಯು ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಪ್ರತಿಯೊಂದು ಪೆಟ್ಟಿಗೆಗೂ ತನ್ನದೇ ಆದ ಗುರುತಿನ ಸಂಖ್ಯೆಯುಂಟು. ಚಂದಾ ಸಂದಾಯವಾದೊಡನೆ ಆ ಸಂಖ್ಯೆಗೆ ಮಾತ್ರ ಅನ್ವಯಿಸುವ ಅಪ್ಪಣೆಯೂ ಆಕಾಶಮಾರ್ಗವಾಗಿಯೇ ಬರುತ್ತದೆ. ರೀಚಾರ್ಜ್ ಮಾಡಿದ ಬಳಿಕ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಚಾಲನೆಯಲ್ಲಿಡಬೇಕೆನ್ನುವುದು ಈ ಅಪ್ಪಣೆಯನ್ನು ಸ್ವೀಕರಿಸಲೆಂದೇ.

ಈ ಬೀಗಕ್ಕೆ ಊರಿನ ಮೇರೆಯನ್ನೂ ಗೊತ್ತುಪಡಿಸಬಹುದು. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ‘ಸಂಡೇ ಟಿಕೆಟ್’ ಎಂಬ ಚಂದಾ, ನೋಡುಗನ ಪ್ರದೇಶದಲ್ಲಿ ಪ್ರಸಾರವಾಗದ, ದೂರದ ಫುಟ್‌ಬಾಲ್ ತಂಡಗಳ ಪಂದ್ಯಗಳಿಗಾಗಿಯೇ ಏರ್ಪಟ್ಟಿತು. ಸ್ಥಳೀಯ ಕೇಂದ್ರವು ತೋರಿಸುವ ಪಂದ್ಯ ಅದರಲ್ಲಿ ಮುಚ್ಚಿರುತ್ತದೆ. ಅಲೆಗೆ ಊರಿನ ಭೇದ ತಿಳಿಯದು, ಭೇದವೆಣಿಸುವುದು ಬೀಗ. ನಮ್ಮಲ್ಲಿ ದೊಡ್ಡ ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕನ್ನು ಸಾಮಾನ್ಯವಾಗಿ ಇಡೀ ದೇಶಕ್ಕೆ ಮಾರುವುದರಿಂದ, ಬೆಂಗಳೂರಿನವನಿಗೂ ಆದಿತ್ಯನಗರದವನಿಗೂ ಒಂದೇ ಚಂದಾ ಸಾಕು.

ಹಾಗಾದರೆ ಹಣವಿಲ್ಲದವನ ಗತಿಯೇನು? ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ಸಾರಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗೊತ್ತುಪಡಿಸಿದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ವಿಧಿಸಿತು. ಆದ್ದರಿಂದಲೇ ಭಾರತ ತಂಡದ ಏಕದಿನ ಪಂದ್ಯಗಳಂಥವನ್ನು ಮಾಸಿಕ ಚಂದಾ ಕೇಳದ ಡಿಡಿ ಫ್ರೀ ಡಿಶ್‌ನಲ್ಲಿ ನೋಡಬಹುದು. ಆದರೆ ಹೀಗೆ ಹಂಚಿಕೊಂಡ ಪ್ರಸಾರವು ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ ಸಲ್ಲುವುದೆಂದು 2017ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು.

ಆದುದರಿಂದ ಚಂದಾ ಮುಗಿದು ಪಂದ್ಯ ಮರೆಯಾದಾಗಲೂ ಅಲೆಗಳು ಮಾಳಿಗೆಯ ಮೇಲೆ ಎಂದಿನಂತೆ ಬೀಳುತ್ತಲೇ ಇರುತ್ತವೆ. ನಾವು ಬೆಲೆ ತೆರುತ್ತಿರುವುದು ಅಲೆಗಲ್ಲ, ಕೀಲಿಗೆ. ಅಲೆಯನ್ನು ಮನೆಮನೆಗೆ ಮುಟ್ಟಿಸಿದುದು ವಿಜ್ಞಾನ. ಕೀಲಿಯು ಯಾರ ಕೈಯಲ್ಲಿರಬೇಕೆಂಬುದನ್ನು ನಿರ್ಣಯಿಸಬೇಕಾದುದು ಸಮಾಜ.