ಕೀಬೋರ್ಡ್ ಕೆಟ್ಟಾಗ ಯಾರ ಕೈಗೆ ಕೊಡೋದು?

ನಮ್ಮ ಕ್ಯಾಂಪಸ್‌ನಲ್ಲಿ ವಾದ್ಯ ಕೆಡೋದಕ್ಕೂ ರಾಜ್ಯೋತ್ಸವ ಹತ್ತಿರ ಬರೋದಕ್ಕೂ ಏನೋ ನಂಟಿದೆ. ವರ್ಷವಿಡೀ ಮೂಲೆಯಲ್ಲಿ ಮಲಗಿದ್ದ ಕೀಬೋರ್ಡನ್ನು ಅಕ್ಟೋಬರಿನಲ್ಲಿ ಎಬ್ಬಿಸಿದರೆ ನಾಲ್ಕು ಕೀ ಮಾತಾಡಲ್ಲ, ಆಂಪ್ಲಿಫೈಯರ್ ಗುಂಯ್ ಅನ್ನುತ್ತದೆ. ಆಗ ಸಿಕ್ಕಿದ ಮೊದಲ ಅಂಗಡಿಗೆ ಹೊತ್ತುಕೊಂಡು ಓಡುತ್ತೇವೆ. ವಾದ್ಯ ಕ್ಲಬ್ಬಿನದಾದರೆ ಹೋಗಲಿ ಅನ್ನಬಹುದು. ಆದರೆ ಎಷ್ಟೋ ಸಲ ಅದು ಯಾರೋ ಒಬ್ಬ ಗೆಳೆಯ ಮನೆಯಲ್ಲಿ ಕಾಡಿ ಬೇಡಿ ಕೊಡಿಸಿಕೊಂಡದ್ದು. ಅದನ್ನು ತಪ್ಪು ಕೈಗೆ ಕೊಟ್ಟರೆ ನೂರಿನ್ನೂರರ ದೋಷ ಇಡೀ ವಾದ್ಯವನ್ನೇ ನುಂಗಿಬಿಡುತ್ತದೆ. ಹಾಗಾಗಿ ಒಳ್ಳೆಯ ರಿಪೇರಿಯವರನ್ನು ಹುಡುಕೋದು ಹೇಗೆ ಅನ್ನೋದನ್ನು ಈ ಸಲ ಪಾಠದ ಹಾಗೆಯೇ ನೋಡೋಣ.

ಮೊದಲು ದೋಷವನ್ನು ಸರಿಯಾಗಿ ಹೇಳೋಣ

"ಕೆಟ್ಟುಹೋಗಿದೆ" ಅಂದರೆ ಡಾಕ್ಟರ ಹತ್ತಿರ "ಹುಷಾರಿಲ್ಲ" ಅಂದ ಹಾಗೆ. ಯಾವಾಗ, ಎಲ್ಲಿ, ಹೇಗೆ ಅನ್ನೋದನ್ನು ಹೇಳಬೇಕು. ನಾವು ಓದಿದ ಸರ್ಕ್ಯೂಟ್ ಪಾಠ ಇಲ್ಲೇ ಕೆಲಸಕ್ಕೆ ಬರೋದು.

ಕೀಬೋರ್ಡಿನ 61 ಕೀಗಳಿಗೆ 61 ಪ್ರತ್ಯೇಕ ವೈರ್ ಇರೋದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಮ್ಯಾಟ್ರಿಕ್ಸ್‌ನಲ್ಲಿ ಅವನ್ನು ಜೋಡಿಸಿರುತ್ತಾರೆ. ಅಲ್ಲೊಂದು ಇಲ್ಲೊಂದು ಕೀ ಸತ್ತಿದ್ದರೆ ಅದರ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್‌ನಲ್ಲಿ ಧೂಳು ಕೂತಿರುವುದೇ ಹೆಚ್ಚು. ಬಿಚ್ಚಿ ಒರೆಸಿದರೆ ಮುಗೀತು. ಅದೇ ಪ್ರತಿ ಎಂಟನೆಯ ಕೀ ಸತ್ತಿದೆ ಅಥವಾ ಅಕ್ಕಪಕ್ಕದ ಒಂದು ಗುಂಪು ಪೂರ್ತಿ ಸತ್ತಿದೆ ಅಂದರೆ ಒಂದು ಸಾಲೇ ಕಡಿದಿದೆ. ರಿಬ್ಬನ್ ಕೇಬಲ್ಲನ್ನೋ ಬೆಸುಗೆಯನ್ನೋ ನೋಡಬೇಕು. ಇನ್ನೊಂದು ಲಕ್ಷಣ: ಎಷ್ಟೇ ಮೆಲ್ಲಗೆ ಒತ್ತಿದರೂ ಒಂದು ಕೀ ಮಾತ್ರ ಕಿರುಚುತ್ತದೆ. ಟಚ್ ಸೆನ್ಸಿಟಿವ್ ಕೀಬೋರ್ಡುಗಳಲ್ಲಿ ಒಂದೊಂದು ಕೀಗೂ ಎರಡು ಕಾಂಟ್ಯಾಕ್ಟ್ ಇರುತ್ತವೆ. ಇವೆರಡೂ ಕೂಡುವ ನಡುವಿನ ಸಮಯವನ್ನು ಅಳೆದೇ ಒತ್ತಿದ ವೇಗವನ್ನು ಲೆಕ್ಕ ಹಾಕೋದು. ಒಂದರಲ್ಲಿ ಕೊಳೆ ಕೂತರೆ ಲೆಕ್ಕ ತಪ್ಪುತ್ತದೆ.

ಗುಂಯ್‌ಗುಡುವುದೂ ಒಂದೇ ಬಗೆಯದಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಬಂದರೆ ವಾದ್ಯ ಕೆಟ್ಟಿಲ್ಲ, ಚಾರ್ಜರ್ ಅಥವಾ ಗ್ರೌಂಡ್ ಲೂಪ್ ಕಾರಣ ಇರಬಹುದು. ಏನೂ ಸಿಕ್ಕಿಸದಿದ್ದರೂ ಆಂಪ್ಲಿಫೈಯರ್ 100 ಹರ್ಟ್ಸ್‌ನಲ್ಲಿ ಗುಂಯ್ ಅಂದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಸೊರಗಿರಬಹುದು. 50 ಹರ್ಟ್ಸ್‌ನ ಕರೆಂಟು ಬ್ರಿಡ್ಜ್ ರೆಕ್ಟಿಫೈಯರ್ ದಾಟಿದಾಗ 100 ಆಗುತ್ತದೆ ಅನ್ನೋದು ನಮಗೆ ಗೊತ್ತೇ ಇದೆ.

ಅಂಗಡಿಗೆ ಹೊರಡುವ ಮುಂಚೆ ಅಡಾಪ್ಟರನ್ನೂ ನೋಡಿ. ಹಳೆಯ ಕ್ಯಾಸಿಯೋ ಕೀಬೋರ್ಡುಗಳಲ್ಲಿ ಎಷ್ಟೋ 9 ವೋಲ್ಟ್‌ನವು, ಪಿನ್ನಿನ ನಡುಭಾಗ ನೆಗೆಟಿವ್. ಯಮಹಾದ ಪೋರ್ಟಬಲ್‌ಗಳಲ್ಲಿ ಎಷ್ಟೋ 12 ವೋಲ್ಟ್‌ನವು, ನಡುಭಾಗ ಪಾಸಿಟಿವ್. ಪಿನ್ ಕೂತಿತು ಅಂತ ಒಂದರ ಅಡಾಪ್ಟರ್ ಇನ್ನೊಂದಕ್ಕೆ ಹಾಕಬೇಡಿ. ವಾದ್ಯದ ಹಿಂದೆ ಬರೆದಿರುವ ವೋಲ್ಟೇಜೂ ಧ್ರುವದ ಚಿಹ್ನೆಯೂ ಹೊಂದಬೇಕು.

ಆದರೆ ನೇರ 230 ವೋಲ್ಟ್‌ಗೆ ಸಿಕ್ಕಿಸುವ ಯಾವುದನ್ನೂ ಅನುಭವ ಇಲ್ಲದೆ ಬಿಚ್ಚಬಾರದು. ಅದರ ಪೀಕ್ ಸುಮಾರು 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಷ್ಟು ಚಾರ್ಜ್ ಉಳಿದಿರಬಹುದು. ವಾರಂಟಿ ಇರೋದನ್ನಂತೂ ಮುಟ್ಟಲೇಬೇಡಿ.

ಯಾರನ್ನು ಕೇಳಬೇಕು?

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್, ಎರಡು ಮಾತಿಲ್ಲ. ತಯಾರಕರು ನಮ್ಮೂರಿನವರೇ ಆಗಿದ್ದರೆ ಮೊದಲು ಅವರನ್ನೇ ಕೇಳಿ. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಅವರು ಕಟ್ಟಿದ ರಾಡೆಲ್ ಬೆಂಗಳೂರಿನದೇ.

ವಾರಂಟಿ ಮುಗಿದಿದ್ದರೆ, ವಾದ್ಯದಿಂದಲೇ ಹೊಟ್ಟೆ ಹೊರೆಯುವವರನ್ನು ಕೇಳಿ: ಆರ್ಕೆಸ್ಟ್ರಾದವರು, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವರು, ಗಣೇಶನ ಹಬ್ಬಕ್ಕೆ ಸೌಂಡ್ ಹಾಕುವವರು. ಅವರ ವಾದ್ಯ ಒಂದು ದಿನ ನಿಂತರೆ ಒಂದು ದಿನದ ದುಡಿಮೆ ಹೋಯಿತು. ಆದ್ದರಿಂದ ಕೆಲಸ ಗೊತ್ತಿರುವವರು ಯಾರು ಅನ್ನೋದು ಅವರಿಗೆ ತಿಳಿದಿರುತ್ತದೆ. ಕೇಳುವಾಗ "ಯಾರು ಚೆನ್ನಾಗಿ ಮಾಡ್ತಾರೆ?" ಅನ್ನೋದರ ಜೊತೆಗೆ "ಆರು ತಿಂಗಳಾದ ಮೇಲೂ ಸರಿಯಾಗಿದೆಯಾ?" ಅಂತಲೂ ಕೇಳಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜ್ಯಾಕ್, ಪೊಟೆನ್ಷಿಯೋಮೀಟರ್, ಕೆಪಾಸಿಟರ್, ರೆಗ್ಯುಲೇಟರ್ ಸಿಗುತ್ತವೆ. ಆದರೆ ಬಿಡಿಭಾಗ ಮಾರುವವರೆಲ್ಲ ರಿಪೇರಿ ಮಾಡುವವರಲ್ಲ. ಕಂಪನಿ ತನಗಾಗಿಯೇ ಮಾಡಿಸಿಕೊಂಡ ಚಿಪ್ ಸುಟ್ಟಿದ್ದರೆ ಅದು ಬಿಡಿಯಾಗಿ ಸಿಗೋದು ಕಷ್ಟ. ಅದೇ ಮಾಡೆಲ್ಲಿನ ಹಳೆಯ ಬೋರ್ಡ್ ಹುಡುಕಬೇಕಾಗುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆ

1. ಬಿಚ್ಚಿ ನೋಡೋದಕ್ಕೆ ಎಷ್ಟು? ರಿಪೇರಿ ಬೇಡ ಅಂದರೂ ಅದನ್ನು ಕೊಡಬೇಕಾ?
2. ಖರ್ಚು ಹೇಳಿದ್ದಕ್ಕಿಂತ ಹೆಚ್ಚಾದರೆ ಕೆಲಸ ಮುಂದುವರಿಸುವ ಮೊದಲು ಫೋನ್ ಮಾಡ್ತೀರಾ?
3. ತೆಗೆದ ಹಳೆಯ ಭಾಗ ವಾಪಸ್ ಕೊಡ್ತೀರಾ?
4. ಅದೇ ದೋಷ ಮತ್ತೆ ಬಂದರೆ ಎಷ್ಟು ದಿನದವರೆಗೆ ನಿಮ್ಮ ಜವಾಬ್ದಾರಿ?

ಉತ್ತರಕ್ಕಿಂತ ಉತ್ತರಿಸುವ ರೀತಿ ಗಮನಿಸಿ. ಒಳ್ಳೆಯವರು ನಮ್ಮನ್ನೇ ತಿರುಗಿ ಕೇಳುತ್ತಾರೆ: ಯಾವಾಗಿಂದ? ಬಿದ್ದಿತ್ತಾ? ನೀರು ಹೋಗಿತ್ತಾ? ತಮ್ಮಿಂದ ಆಗದ ಕೆಲಸವಾದರೆ "ಇದು ನನ್ನ ಕೈಲಿ ಆಗಲ್ಲ" ಅನ್ನುತ್ತಾರೆ. ಸ್ಕ್ರೂ ಬಿಚ್ಚುವ ಮೊದಲೇ "ಬೋರ್ಡೇ ಹೋಗಿದೆ" ಅಂದವರಿಗೂ, ರಸೀದಿ ಯಾಕೆ ಬೇಕು ಅನ್ನುವವರಿಗೂ ನಮಸ್ಕಾರ ಹೇಳಿ ಹೊರಡಿ.

ಕೊಡುವ ಮುಂಚೆ

ಮಾಡೆಲ್, ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ದೋಷ ಕಾಣುವ ಅಥವಾ ಕೇಳುವ ಒಂದು ಚಿಕ್ಕ ವಿಡಿಯೋ ಮಾಡಿ. ಅಂಗಡಿಯಲ್ಲಿ ವಾದ್ಯ ಸರಿಯಾಗಿ ನಡೆದು ಮಾನ ಕಳೆಯುವುದುಂಟು! ನೀವು ಮಾಡಿಟ್ಟ ಟೋನ್‌ಗಳನ್ನು ಬ್ಯಾಕಪ್ ಮಾಡಿಕೊಳ್ಳಿ. 1983ರಲ್ಲಿ ಬಂದ ಯಮಹಾ ಡಿಎಕ್ಸ್7ನಂಥ ಹಳೆಯ ಸಿಂಥಸೈಜರುಗಳಲ್ಲಿ ನೆನಪು ಉಳಿಯೋದು ಒಳಗೆ ಬೆಸೆದ 3 ವೋಲ್ಟ್‌ನ ಬ್ಯಾಟರಿಯಿಂದ. ಅದನ್ನು ಬದಲಿಸುವಾಗ ಒಳಗಿನ ಟೋನ್‌ಗಳು ಅಳಿಸಿಹೋಗಬಹುದು.

ರಸೀದಿಯಲ್ಲಿ ತಾರೀಖು, ದೋಷ, ಜೊತೆಗೆ ಕೊಟ್ಟ ಅಡಾಪ್ಟರ್, ಅಂದಾಜು ಖರ್ಚು ಎಲ್ಲವೂ ಇರಲಿ. ದುಡ್ಡು ಕೊಟ್ಟು ಮಾಡಿಸುವ ರಿಪೇರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಂದು ಸೇವೆ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಕೈಯಲ್ಲಿ ಕಾಗದ ಇಲ್ಲದಿದ್ದರೆ ನಮ್ಮ ಮಾತಿಗೆ ಬಲ ಕಡಿಮೆ.

ಕೊನೆಗೊಂದು ಲೆಕ್ಕ. ಅಂದಾಜು ಖರ್ಚನ್ನು ಅದೇ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಬೆಲೆಯ ಪಕ್ಕ ಇಟ್ಟು ನೋಡಿ. ಹತ್ತಿರ ಹತ್ತಿರ ಬಂದರೆ ರಿಪೇರಿಗೆ ಎರಡು ಸಲ ಯೋಚಿಸಿ. ರಿಪೇರಿ ಮಾಡಿಸಿದಿರಾದರೆ ಅಂಗಡಿಯಲ್ಲೇ ಎಲ್ಲಾ ಕೀ ಒತ್ತಿ, ಎಲ್ಲಾ ಜ್ಯಾಕ್ ಹಾಕಿ, ಅರ್ಧ ಗಂಟೆ ನುಡಿಸಿಯೇ ಹೊರಡಿ; ಬಿಸಿಯಾದ ಮೇಲೆ ಮಾತ್ರ ಕಾಣಿಸುವ ದೋಷಗಳೂ ಇವೆ.

ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ನೋಟ್‌ಬುಕ್ ಇಡೋಣ: ಯಾವ ವಾದ್ಯ, ಏನು ದೋಷ, ಯಾರು ಸರಿಮಾಡಿದರು, ಎಷ್ಟಾಯಿತು, ಆರು ತಿಂಗಳ ಮೇಲೆ ಹೇಗಿದೆ. ಸೀನಿಯರ್ಸ್ ಪಾಸಾಗಿ ಹೋಗುತ್ತಾರೆ, ಅವರ ಜೊತೆ ಈ ಮಾಹಿತಿಯೂ ಹೋಗಬಾರದು. ಮತ್ತೆ, ಕೀಬೋರ್ಡನ್ನು ಆಗಸ್ಟಿನಲ್ಲೇ ಒಂದು ಸಲ ಆನ್ ಮಾಡಿ ನೋಡಿ. ರಿಪೇರಿಯವರಿಗೂ ಟೈಮ್ ಬೇಕಲ್ಲ!