ಅಜ್ಜಿ-ತಾತ ಬಂದಾಗ ದಿನಕ್ಕೊಂದೇ ಜಾಗ ಸಾಕು

ಲಂಡನ್ನಿನಲ್ಲಿ ಸಂಸಾರ ಹೂಡಿರುವ ಮಕ್ಕಳೇ, ಜೂನ್ ತಿಂಗಳಲ್ಲಿ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುತ್ತೀರಿ. ಒಳ್ಳೆಯ ಕಾಲವೇ. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಚಳಿಯೂ ಅಷ್ಟಿಲ್ಲ. ಆದರೆ ಬೆಳಿಗ್ಗೆ ಟವರ್ ಆಫ್ ಲಂಡನ್, ಮಧ್ಯಾಹ್ನ ಲಂಡನ್ ಐ, ಸಂಜೆ ಅರಮನೆ ಎಂದು ಪಟ್ಟಿ ಬರೆದಿಟ್ಟಿದ್ದರೆ ಅದರಲ್ಲಿ ಎರಡನ್ನು ಈಗಲೇ ಹೊಡೆದುಹಾಕಿ.

ನಾಲ್ಕು ವರ್ಷದ ಮೊಮ್ಮಗುವಿಗೂ ಎಪ್ಪತ್ತರ ತಾತನಿಗೂ ದಣಿವಾಗುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಇಬ್ಬರಿಗೂ ಆಗಾಗ ಕೂರಲು ಜಾಗ ಬೇಕು, ಹತ್ತಿರದಲ್ಲಿ ಶೌಚಾಲಯ ಬೇಕು, ಹೊತ್ತಿಗೆ ಸರಿಯಾಗಿ ಅನ್ನ ಬೇಕು. ಅವರವರ ಪಾಡಿಗೆ ಬಿಟ್ಟರೆ ಇಬ್ಬರ ನಡಿಗೆಯೂ ಚೆನ್ನಾಗಿ ಹೊಂದುತ್ತದೆ. ಅವಸರವಿರುವುದು ನಡುವೆ ಇರುವ ನಿಮಗೆ ಮಾತ್ರ.

ಸೌತ್ ಕೆನ್ಸಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ದೊಡ್ಡ ಹಜಾರದ ಮಾಡಿನಿಂದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುಬಿಟ್ಟಿದ್ದಾರೆ. ಉದ್ದ 25 ಮೀಟರಿಗೂ ಹೆಚ್ಚು. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡು ಸತ್ತ ಪ್ರಾಣಿ ಅದು. ಮೊಮ್ಮಗಳು ಅದರ ಕೆಳಗೆ ನೆಲದ ಮೇಲೆ ಕೂತು, ಕತ್ತು ಮೇಲೆತ್ತಿ, “ಅಜ್ಜೀ, ಇದರ ಹೊಟ್ಟೆ ಎಲ್ಲಿ ಹೋಯ್ತು?” ಎಂದಳು. ಅವಳ ತಾತ ಪಕ್ಕದಲ್ಲೇ ಕೂತು ಒಂದೊಂದೇ ಪಕ್ಕೆಲುಬು ತೋರಿಸುತ್ತ ಉತ್ತರ ಹೇಳಿದರು. ಅವಳೂ ಎಣಿಸಿದಳು, ತಪ್ಪಿದಳು, ಮತ್ತೆ ಮೊದಲಿಂದ ಎಣಿಸಿದಳು. ಕನ್ನಡದಲ್ಲೇ ಎಣಿಸಿದಳು. ಡೈನೋಸಾರ್ ನೋಡದೆಯೇ ಮನೆಗೆ ಬಂದೆವು. ಆ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ. ಡೈನೋಸಾರ್ ನೋಡಲು ಇನ್ನೊಂದು ದಿನ ಹೋದರಾಯಿತು.

ಓಡಾಡಲು ಬಸ್ಸೇ ವಾಸಿ. ಟ್ಯೂಬ್ ಬೇಗ ಹೋಗುತ್ತದೆ ನಿಜ, ಆದರೆ ಅನೇಕ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ; ಮಂಡಿನೋವಿನವರಿಗೂ ಮಗುವಿನ ತಳ್ಳುಗಾಡಿಗೂ ಆ ಮೆಟ್ಟಿಲು ಕಷ್ಟ. ಬಸ್ಸಿನಲ್ಲಿ ಹನ್ನೊಂದರೊಳಗಿನ ಮಕ್ಕಳಿಗೆ ದುಡ್ಡೂ ಇಲ್ಲ. ಸೇಂಟ್ ಜೇಮ್ಸಸ್ ಪಾರ್ಕಿಗೆ ಊಟ ಕಟ್ಟಿಕೊಂಡು ಹೋಗಿ. 1664ರಲ್ಲಿ ರಷ್ಯಾದ ರಾಯಭಾರಿ ಕಾಣಿಕೆ ಕೊಟ್ಟಂದಿನಿಂದ ಅಲ್ಲಿನ ಕೆರೆಗೆ ಹೆಜ್ಜಾರ್ಲೆಗಳ ನಂಟು. ಮಧ್ಯಾಹ್ನ ಎರಡೂವರೆಯ ಮೇಲೆ ಅವಕ್ಕೆ ಮೀನು ಹಾಕುತ್ತಾರೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅಲ್ಲಿಗೆ ಹೋದಾಗ ನೀವು ಗೈಡ್ ಆಗಬೇಡಿ. ಅನುಭವ ಮಂಟಪದ ಕಥೆಯನ್ನು ಮಕ್ಕಳಿಗೆ ತಾತನೇ ಹೇಳಲಿ. ಊರು ಬಿಟ್ಟು ಬಂದಮೇಲೆ ದಾರಿಗೂ ಟಿಕೆಟ್ಟಿಗೂ ಕಾಫಿಗೂ ನಿಮ್ಮನ್ನೇ ಕೇಳಬೇಕಾದ ಮನುಷ್ಯನಿಗೆ ತಾನೂ ಹೇಳಿಕೊಡಬಲ್ಲದ್ದು ಒಂದಿದೆ ಎಂದು ಅನಿಸುವ ಜಾಗ ಅದು. ಮೊಮ್ಮಗ ಇಂಗ್ಲಿಷ್ ಬೆರೆಸಿ ಪ್ರಶ್ನೆ ಕೇಳಿದರೆ ಕೇಳಲಿ, ನಡುವೆ ಬಾಯಿ ಹಾಕಬೇಡಿ.

ಬಂದ ಮೊದಲ ಕೆಲವು ದಿನ ಎಲ್ಲಿಗೂ ಹೊರಡಿಸಬೇಡಿ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹಿರಿಯರಿಗೆ ನಡುರಾತ್ರಿ ಎಚ್ಚರ, ಸಂಜೆಗೇ ತೂಕಡಿಕೆ. ನೀವು ಕೆಲಸಕ್ಕೆ ಹೋಗುವ ದಿನ ಮಕ್ಕಳನ್ನು ಅವರ ಬಳಿ ಬಿಡುವುದು ತಪ್ಪಲ್ಲ. ದಿನವೂ ಅದೇ ಆದರೆ ಮಾತ್ರ ಆಯಾ ಕೆಲಸಕ್ಕೆ ಕರೆಸಿಕೊಂಡಂತಾಗುತ್ತದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಅರಿತುಕೊಳ್ಳಬೇಕು.

ಇನ್ನೊಂದು ಮಾತು. ಪ್ರವಾಸಿಗಳು ಅಲ್ಲಿ ಆಸ್ಪತ್ರೆಗೆ ದಾಖಲಾದರೆ ಬಿಲ್ಲು ದೊಡ್ಡದು. ಬಿಪಿ, ಸಕ್ಕರೆ ಕಾಯಿಲೆ ಏನೇ ಇರಲಿ, ಮುಚ್ಚಿಡದೆ ಬರೆಸಿ ವಿಮೆ ಮಾಡಿಸಿ. ಮಾತ್ರೆಯ ಚೀಟಿ ಕೈಚೀಲದಲ್ಲಿರಲಿ. ಟಿಕೆಟ್ ಕೊಳ್ಳುವ ದಿನವೇ ಈ ಕೆಲಸ ಮುಗಿಸಿಬಿಡಿ.