ಮನೆಯ ದೀಪ: ನಂಬಬಹುದಾದ ತಯಾರಕನು ಯಾರು?

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ಆ ಶಕ್ತಿಯು ಮನೆಮನೆಯನ್ನೂ ಹೊಕ್ಕಿದೆ. ದೀಪದೊಳಗಿನ ತಂತಿಯ ಹೊದಿಕೆ ಕೀಳಾದುದಾದರೆ ಲೋಹದ ಕವಚಕ್ಕೇ ವಿದ್ಯುತ್ತು ಹರಿದು, ಮುಟ್ಟಿದವರ ಪ್ರಾಣಕ್ಕೆ ಸಂಚಕಾರ ಬರುವುದುಂಟು. ಅಂದಮೇಲೆ ಅಂಗಡಿಯವನ ಬಾಯಿಮಾತೊಂದೇ ಸಾಲದು.

ನಮ್ಮ ದೇಶದಲ್ಲಿ ಮನೆಬಳಕೆಯ ಎಲ್‌ಇಡಿ ಬಲ್ಬುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆದುದರಿಂದ ಮೊದಲು ಮಾನಕ ಗುರುತನ್ನೂ ‘ಆರ್’ ಅಕ್ಷರದಿಂದ ಮೊದಲಾಗುವ ಸಂಖ್ಯೆಯನ್ನೂ ನೋಡತಕ್ಕದ್ದು. ಆ ಸಂಖ್ಯೆ ಯಾರದೆಂದು ‘ಬಿಐಎಸ್ ಕೇರ್’ ಆಪ್‌ನಲ್ಲಿ ಪರೀಕ್ಷಿಸಬಹುದು. ಎರಡನೆಯದಾಗಿ, ವ್ಯಾಟ್ ಎಂಬುದು ವೆಚ್ಚ, ಲ್ಯೂಮೆನ್ ಎಂಬುದು ಬೆಳಕು; ಎರಡನ್ನೂ ಹೋಲಿಸಬೇಕು. ಮೂರನೆಯದಾಗಿ, ತನ್ನ ವಿಳಾಸವನ್ನೂ ಖಾತರಿಯ ಅವಧಿಯನ್ನೂ ಸ್ಪಷ್ಟವಾಗಿ ಅಚ್ಚುಹಾಕಿಸಿದವನೇ ಮೇಲು. ಹೆಸರು ಮರೆಸಿಕೊಂಡವನ ಸರಕು ಎಷ್ಟು ಅಗ್ಗವಾದರೂ ದುಬಾರಿಯೇ ಸರಿ.